ಸಂಪಿಗೆ ತಿರುಳಿನ ಗಿಲಕಿ

ನಾನು ಚಿಕ್ಕವಳಿದ್ದಾಗ, ಮರದೊಳಗಿನ ಹಸಿರನ್ನು ಗುರುತಿಸುವ ಕಣ್ಣು ನಮ್ಮೂರು ತಿಗನಾರೆಯಲ್ಲಿ ನನಗೊಬ್ಬಳಿಗೇ ಇರುವುದು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ನನಗಾಗ ಒಂಬತ್ತು ವರ್ಷ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅಪ್ಪ ಮರ ಕಡೆಯುವವನು. ಮನೆಯ ಪಕ್ಕದ ಚಪ್ಪರದ ಕೆಳಗೆ ಎರಡು ಗೂಟ ನೆಟ್ಟು, ನಡುವೆ ಮರದ ತುಂಡು ಸಿಕ್ಕಿಸಿ ಅದಕ್ಕೆ ಹಗ್ಗ ಸುತ್ತುತ್ತಿದ್ದ. ಅಕ್ಕ ಆ ಹಗ್ಗವನ್ನು ಹಿಂದಕ್ಕೂ ಮುಂದಕ್ಕೂ ಎಳೆಯುವಳು. ತುಂಡು ಗಿರ್ರನೆ ತಿರುಗುವಾಗ ಅಪ್ಪ ಉಳಿಯನ್ನು ಒತ್ತಿ ಹಿಡಿಯುವನು. ತೆಳ್ಳನೆಯ ಸಿಪ್ಪೆ ಸುರುಳಿ ಸುತ್ತಿಕೊಂಡು ಅವನ ತೊಡೆಯ ಮೇಲೆ ಬೀಳುತ್ತಿತ್ತು. ಬುಗುರಿ, ಲಟ್ಟಣಿಗೆ, ಕೂಸುಗಳು ಆಡುವ ಗಿಲಕಿ, ಎಲ್ಲವೂ ಹೀಗೆ ಹುಟ್ಟಿ ತಾಳವಾಡಿಯ ಸಂತೆಗೆ ಹೋಗುತ್ತಿದ್ದವು.

ಗಿಲಕಿಗೆ ಮಾತ್ರ ಸಂಪಿಗೆ ಮರವೇ ಬೇಕು. ದೊಡ್ಡಗಾಜನೂರಿನ ಹೊಲವೊಂದರ ಬದುವಿನಲ್ಲಿ ಗಾಳಿಗೆ ಉರುಳಿದ ಹಳೆಯ ಸಂಪಿಗೆಯನ್ನು ಅಪ್ಪ ಎತ್ತಿನ ಗಾಡಿಯಲ್ಲಿ ತಂದು ಹಾಕಿಕೊಂಡಿದ್ದ. ಅದರ ಹೊರಮೈ ಬಿಳುಪು, ಒಳಗಿನ ತಿರುಳು ಹಸಿರು. ಹಿದುಕಿದ ಅವರೆಬೇಳೆಯನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಆ ಬಣ್ಣ. ಎಲ್ಲ ತುಂಡುಗಳಲ್ಲೂ ಅದು ಒಂದೇ ಸಮನಾಗಿ ಇರುತ್ತಿರಲಿಲ್ಲ. ನಾನು ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ನೀರು ತಾಗಿದೊಡನೆ ಒಳಗಿನ ಬಣ್ಣ ಎದ್ದು ಬರುತ್ತಿತ್ತು. ಕೆಲವು ತುಂಡು ಮೇಲೆ ಹಸಿರಾಗಿದ್ದರೂ ಅದು ಬರೀ ಬೂಷ್ಟು. ಉಗುರು ಚುಚ್ಚಿದರೆ ಮೆತ್ತಗೆ ಒಳಗಿಳಿಯುತ್ತಿತ್ತು. ಅವನ್ನು ಸೌದೆಗೆ ಎಸೆದು, ಗಟ್ಟಿ ಹಸಿರನ್ನು ಅಪ್ಪನ ಕೈಗೆ ಕೊಡುತ್ತಿದ್ದೆ.

"ನಿನ್ ಕಣ್ಣು ಕಣ್ಣು ಅಂದ್ರೆ ಕಣ್ಣು ಕಣವ್ವ" ಅನ್ನುವನು ಅಪ್ಪ.

ಆದರೆ ಆ ಹಸಿರಿಗೆ ಒಂದು ಗುಣವಿತ್ತು. ಬೆಳಕಿನಲ್ಲಿ ಇಟ್ಟರೆ ತಿಂಗಳುಗಳು ಕಳೆದಂತೆ ಅದು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಮರದ ಸ್ವಭಾವವೇ ಹಾಗೆ, ಯಾರೂ ತಡೆಯಲಾರರು. ಅಪ್ಪ ಇದನ್ನು ಎಷ್ಟು ಹೇಳಿದರೂ ಜನ ನಂಬುತ್ತಿರಲಿಲ್ಲ. ಒಮ್ಮೆ ಸಂತೆಯಲ್ಲಿ ಒಬ್ಬ, ಕಂದಾದ ಗಿಲಕಿಯನ್ನು ಅಪ್ಪನ ಮುಂದೆ ಎಸೆದು, "ಬಣ್ಣ ಬಳ್ದು ಏಮಾರಿಸ್ತಾವ್ನೆ ಕಣ್ರಪ್ಪ ಇಂವ" ಎಂದು ಕೂಗಿದ. ಸುತ್ತಲಿದ್ದವರು ನಕ್ಕರು. ಅಪ್ಪ ಅದನ್ನು ಎತ್ತಿಕೊಂಡು, ಮಣ್ಣು ಒರೆಸಿ, ಚೀಲಕ್ಕೆ ಹಾಕಿಕೊಂಡ.

ಅದಾದ ಸ್ವಲ್ಪ ದಿನಕ್ಕೆ ಪಣಕಹಳ್ಳಿಯ ಚಿಕ್ಕಮ್ಮನ ಮಗುವಿಗೆ ಹೆಸರಿಡುವ ದಿನ ಬಂತು. ಚಿಕ್ಕಮ್ಮ ಎಂದರೆ ಅವ್ವನ ತಂಗಿ. ಅವಳಿಗೆ ಅದು ಚೊಚ್ಚಲು. ಮಗುವಿನ ಗಿಲಕಿಗೆಂದು ನಾನು ಇಡೀ ರಾಶಿಯನ್ನು ಕೆದಕಿ, ತಿರುಳಿನ ನಟ್ಟನಡುವಿನ ತುಂಡೊಂದನ್ನು ಆರಿಸಿದೆ. ಮೂರು ದಿನದ ಮೇಲೆ ಅಪ್ಪ ಗಿಲಕಿ ಮಾಡಿ ನನ್ನ ಕೈಗಿತ್ತಾಗ ಅದು ನಾನು ಆರಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಹಸಿರಾಗಿತ್ತು. ಗಿಣಿಯ ರೆಕ್ಕೆಯಂತೆ ಹೊಳೆಯುತ್ತಿತ್ತು. ಅಪ್ಪನ ಕೈಗುಣ ಅಂದುಕೊಂಡೆ. ಬೇರೇನಾದರೂ ಇದ್ದೀತೆಂದು ಹೊಳೆಯಲೇ ಇಲ್ಲ.

ರಾಗಿ ತೆನೆ ಬಲಿತು ಹಂದಿಗಳ ಕಾಟ ಜೋರಾಗಿದ್ದರಿಂದ ಅವ್ವ ಹೊಲದ ಕಾವಲಿಗೆ ಉಳಿದಳು. ಅಪ್ಪ, ಅಕ್ಕ, ನಾನು ಮೂವರೇ ಬೆಳಿಗ್ಗೆ ಎದ್ದು ಹೊರಟೆವು. ಚಿಕ್ಕಮ್ಮನ ಮನೆಯಲ್ಲಿ ಪಾಯಸದ ಏಲಕ್ಕಿ ಪರಿಮಳ, ಸಾಂಬ್ರಾಣಿ ಹೊಗೆ, ತೊಟ್ಟಿಲ ಸುತ್ತ ಹೆಂಗಸರ ಗುಂಪು. ನಾನು ಗಿಲಕಿಯನ್ನು ತೊಟ್ಟಿಲ ಮೇಲೆ ಆಡಿಸಿದೆ. ಒಳಗಿನ ಕಾಳು ಜಲ್‌ ಜಲ್‌ ಅಂದಿತು. ಚಿಕ್ಕಮ್ಮನ ಅತ್ತೆ ಕಣ್ಣು ಕಿರಿದು ಮಾಡಿ ಕೇಳಿದಳು:

"ಇದೇನ್ ಕೂಸೇ, ಬಣ್ಣ ಆಕವ್ರಾ? ಕೂಸು ಬಾಯಿಗ್ ಇಟ್ಕತ್ತದೆ."

"ಇಲ್ಲ ಕಣಜ್ಜಿ, ಮರದ್ದೇ ಅಸ್ರು. ನಾನೇ ಆರ್ಸಿದ್ದು. ದೇವ್ರಾಣೆ" ಎಂದೆ.

ಎಲ್ಲರಿಗೂ ಕೇಳುವಂತೆ, ಜಂಬದಿಂದ ಹೇಳಿದೆ. ಅಜ್ಜಿ ಗಿಲಕಿಯ ಹಿಡಿಯನ್ನು ಮಗುವಿನ ಬಾಯಿಗೆ ಕೊಟ್ಟಳು. ಮಗು ಕಣ್ಣು ಮುಚ್ಚಿ ಚೀಪತೊಡಗಿತು. ಹೆಂಗಸರು ಸೋಬಾನೆ ಶುರು ಮಾಡಿದರು.

ಹಾಡು ನಡುವೆಯೇ ನಿಂತಿತು. ಮಗುವಿನ ತುಟಿಯ ಅಂಚಿನಿಂದ ಹಸಿರು ಜೊಲ್ಲು ಇಳಿದು ಬಿಳಿಯ ಬಟ್ಟೆಯ ಮೇಲೆ ಹರಡುತ್ತಿತ್ತು. ಅಜ್ಜಿ ಮಗುವಿನ ಬಾಯೊಳಗೆ ಬೆರಳಿಟ್ಟು ತೆಗೆದಳು, ಬೆರಳೂ ಹಸಿರು. ಚಿಕ್ಕಮ್ಮ ಚೀರಿ ಮಗುವನ್ನು ಎತ್ತಿಕೊಂಡಳು. ಒಬ್ಬರು ನೀರು ತಂದರು, ಇನ್ನೊಬ್ಬರು ನಾಲಿಗೆಗೆ ಒದ್ದೆ ಬಟ್ಟೆ ಉಜ್ಜಿದರು. ಮಗು ಕಿರುಚಿ ಕಿರುಚಿ ಕೆಂಪಾಯಿತು. ತೊಟ್ಟಿಲಿಗೆ ಬಿದ್ದ ಗಿಲಕಿಯನ್ನು ನಾನು ಎತ್ತಿ ಹಿಡಿದುಕೊಂಡಿದ್ದೆ. ಅಂಗೈ ನೋಡಿಕೊಂಡೆ. ಬೆವರಿಗೆ ಅದೂ ಹಸಿರಾಗಿತ್ತು.

ಗಲಾಟೆ ಕೇಳಿ ಜಗುಲಿಯಿಂದ ಅಪ್ಪ ಒಳಗೆ ಬಂದ. "ಏನಪ್ಪ ಇದು? ಮರದ್ದೇ ಬಣ್ಣ ಅಂತ ಆಣೆ ಇಕ್ತಲ್ಲ ನಿನ್ನ ಉಡ್ಗಿ?" ಎಂದು ಅಜ್ಜಿ ಕೇಳಿದಳು. ನಾನು ಅಪ್ಪನ ಮುಖ ನೋಡಿದೆ. ಅವನು ಏನಾದರೂ ಹೇಳಿ ಎಲ್ಲವನ್ನೂ ಸರಿ ಮಾಡುತ್ತಾನೆಂದು ಕಾದೆ. ಅವನು ನನ್ನತ್ತ ತಿರುಗಲೇ ಇಲ್ಲ.

"ಮರ ಆರ್ಸಿದ್ದು ಅವ್ಳೆ. ಚಿಕ್ ಕೂಸು... ಚಂದಾಗ್ ಕಾಣ್ಲಿ ಅಂತ ಏನ್ ಬಳದ್ಲೋ, ನಂಗೇನ್ ಗೊತ್ತು" ಎಂದ.

ಆಗ ಎಲ್ಲ ಕಣ್ಣುಗಳೂ ನನ್ನ ಮೇಲೆ ಬಿದ್ದವು. ಅಕ್ಕನನ್ನು ನೋಡಿದೆ. ಅಕ್ಕ ತಲೆ ತಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ದೇವ್ರ ಮೇಲೆ ಆಣೆ ಬೇರೆ ಇಡ್ತಳಲ್ಲ" ಎಂದು ಯಾರೋ ಅಂದರು. ಪಾಯಸಕ್ಕೆ ಎಲ್ಲರನ್ನೂ ಕೂರಿಸಿದರು. ನನಗೂ ಎಲೆ ಹಾಕಿದರು, ನಾನು ಮುಟ್ಟಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಅಪ್ಪ ಬೇಗ ಬೇಗ ಹೆಜ್ಜೆ ಹಾಕಿ ಮುಂದೆ ಹೋದ. ಲಂಟಾನ ಪೊದೆಗಳ ನಡುವೆ ಅಕ್ಕ ಮತ್ತು ನಾನು ಹಿಂದುಳಿದೆವು. ಅಲ್ಲಿ ಅಕ್ಕ ಮೆಲ್ಲಗೆ ಬಾಯಿ ಬಿಟ್ಟಳು.

"ಸಂತೇಲಿ ಸಾಯದ ಪುಡಿ ತಂದಿದ್ರು ಕಣೇ ಅಪ್ಪ. ನಾನೇ ಕುದ್ಸಿ ಕೊಟ್ಟಿದ್ದು. ನಿಂಗ್ ಏಳ್ಬ್ಯಾಡ ಅಂದ್ರು."

ಸಾಯ ಎಂದರೆ ನೂಲಿಗೆ ಹಾಕುವ ಬಣ್ಣ. ಕಂದಾಗದ ಹಸಿರು ಬೇಕೆಂದು ಅಪ್ಪ ಒಳ್ಳೆಯ ತಿರುಳನ್ನು ಅದರಲ್ಲಿ ಅದ್ದಿದ್ದ. ಹಸಿರು ನಿಜವಾಗಿದ್ದಾಗ ಮೋಸಗಾರ ಎನ್ನಿಸಿಕೊಂಡವನು, ಬೇಸತ್ತು ನಿಜವಾಗಿಯೇ ಮೋಸ ಮಾಡಿದ್ದ. ಇದು ನನಗೆ ಅರ್ಥವಾದದ್ದು ದೊಡ್ಡವಳಾದ ಮೇಲೆ. ಆ ದಿನ ನನಗೆ ಅರ್ಥವಾದದ್ದು ಇಷ್ಟೇ: ಇಬ್ಬರಿಗೂ ಗೊತ್ತಿತ್ತು, ನನ್ನನ್ನು ಮಾತ್ರ ಆಣೆ ಇಡಲು ಬಿಟ್ಟರು. ನಾನು ಅಕ್ಕನ ಕೈ ಕೊಡವಿ ಒಬ್ಬಳೇ ನಡೆದೆ.

ಮರುದಿನ ಬೆಳಿಗ್ಗೆ ಚಪ್ಪರದಿಂದ ಅಪ್ಪ ಕರೆದ. "ಬಾರವ್ವ, ಮರ ಆರ್ಸು ಬಾ." ಏನೂ ಆಗಿಲ್ಲವೆಂಬ ದನಿ. ನಾನು ಒಲೆಯ ಮುಂದಿಂದ ಏಳಲಿಲ್ಲ. ಮತ್ತೆ ಕರೆದ. ಮೂರನೆಯ ಸಲ ಕರೆಯಲಿಲ್ಲ. ಆಮೇಲೆ ಅವನು ಬಣ್ಣ ಹಾಕಿದ್ದನ್ನು ನಾನು ಕಾಣಲಿಲ್ಲ. ಹಸಿರು ಗಿಲಕಿಗಳನ್ನು ಮಾಡುವುದನ್ನೇ ಬಿಟ್ಟ. ಮಗುವಿಗೆ ಏನೂ ಆಗಲಿಲ್ಲ. ಅಪ್ಪ ಒಬ್ಬನೇ ಪಣಕಹಳ್ಳಿಗೆ ಹೋಗಿ ನಿಜ ಹೇಳಿ ಬಂದನೆಂದು ಎಷ್ಟೋ ವರ್ಷಗಳ ಮೇಲೆ ಚಿಕ್ಕಮ್ಮ ನನಗೆ ತಿಳಿಸಿದಳು. ಅವಳಿಗೆ ಹೇಳಿದ. ನನಗೆ ಹೇಳಲಿಲ್ಲ. ನಾನು ಮದುವೆಯಾಗಿ ಹೊರಟ ದಿನವೂ, ಅವನು ಹಾಸಿಗೆ ಹಿಡಿದಾಗ ನಾನು ಗಂಜಿ ಕುಡಿಸಿದ ದಿನಗಳಲ್ಲೂ ಹೇಳಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಆಟದ ಸಾಮಾನು ಡಬ್ಬಿಯೊಳಗೆ ಕೂತು ಬರುತ್ತದೆ. ಅದರ ಬಣ್ಣ ಹೋಗುವುದೂ ಇಲ್ಲ, ಅದನ್ನು ಯಾರು ಮಾಡಿದರೆಂದು ನಿಮಗೆ ತಿಳಿಯುವುದೂ ಇಲ್ಲ. ಅದರಲ್ಲಿ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹೋದ ವಾರ "ತರಕಾರಿ ಟೆಂಪೋದ ಕೀಲಿ ಕಳೆದದ್ದು ನೀನೇ" ಎಂದು ನಿಮ್ಮ ಅಪ್ಪ ಅಕ್ಕಪಕ್ಕದವರ ಮುಂದೆ ನಮ್ಮ ಪುಟ್ಟಿಯನ್ನು ಬೈದನಲ್ಲ? ಕೀಲಿ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿದಾಗ, ಅದೇ ಅಕ್ಕಪಕ್ಕದವರ ಎದುರಿಗೆ ಅವಳ ಮುಂದೆ ಮೊಣಕಾಲೂರಿ, "ತಪ್ಪು ನಂದೇ ಕಣವ್ವ" ಎಂದ. ಪುಟ್ಟಿ ಅದನ್ನು ಆಗಲೇ ಮರೆತು ಆಡಲು ಓಡಿದಳು. ನಾನು ಬಾಗಿಲ ಮರೆಯಲ್ಲಿ ನಿಂತೇ ಇದ್ದೆ. ಒಬ್ಬ ಅಪ್ಪ ತನ್ನ ಮಗಳಿಗೆ ಹಾಗೆ ಹೇಳುವುದನ್ನು ನಾನು ಈ ವಯಸ್ಸಿನಲ್ಲಿ, ಮೊದಲ ಸಲ ಕೇಳಿದೆ.