ಹಿಮದ ಬಯಲಿನಲ್ಲಿ ಚರಗ

೨೦೨೪ರ ಡಿಸೆಂಬರ್ ತಿಂಗಳು. ರಾಣೆಬೆನ್ನೂರಿನಲ್ಲಿ ನಾನು ಟ್ರಾವೆಲ್ ಆಫೀಸು ತೆರೆದು ಆಗಲೇ ಬಹಳ ವರ್ಷಗಳಾಗಿದ್ದವು. ಮೊದಲು ಕಾಶಿ, ಶಿರಡಿಗೆ ಬಸ್ಸು ಬಿಡುತ್ತಿದ್ದೆ. ಆಮೇಲೆ ದುಬೈ, ಸಿಂಗಾಪುರ ಬಂದವು, ಈಚೆಗೆ ಯುರೋಪು. ಪ್ರವಾಸಿಗರ ಜೊತೆಗೇ ಹೋಗಿ, ಅವರ ಊಟ, ವಸತಿ, ಔಷಧ, ಸಿಟ್ಟುಸೆಡವು ಎಲ್ಲವನ್ನೂ ಸಂಭಾಳಿಸಿ, ಹೋದಷ್ಟೂ ಜನರನ್ನು ಮರಳಿ ಊರು ಮುಟ್ಟಿಸುವವರಿಗೆ ಟೂರ್ ಮ್ಯಾನೇಜರ್ ಎನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಆ ಕೆಲಸವೂ ನನ್ನದೇ. ಸ್ವಭಾವತಃ ನಾನು ಚಿಂತೆಯ ಹೆಂಗಸು. ಬ್ಯಾಗು ಕಳೆಯುವ ಮೊದಲೇ ಅದು ಕಳೆದರೆ ಏನು ಗತಿ ಎಂದು ಯೋಚಿಸಿ ನಿದ್ದೆ ಕೆಡಿಸಿಕೊಳ್ಳುತ್ತೇನೆ. "ಮಂದಿ ನಿನಗ ರೊಕ್ಕಾ ಕೊಡೂದ ಚಿಂತಿ ಮಾಡಾಕ, ಮಾಡು" ಎಂದು ನನ್ನ ಗಂಡ ಚಾಷ್ಟಿ ಮಾಡುತ್ತಾರೆ. ಚಾಷ್ಟಿಯಾದರೂ ಮಾತು ಖರೆ.

ಆ ಸಲ ನನ್ನ ಜೊತೆ ಹೊರಟವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಿವಣ್ಣ, ಅವರ ಹೆಂಡತಿ ಸುಜಾತಾ, ಇಬ್ಬರು ಹೆಣ್ಣುಮಕ್ಕಳು ಮತ್ತು ಶಿವಣ್ಣನವರ ತಾಯಿ ಚನ್ನವ್ವ. ಜನವರಿ ಹುಟ್ಟಿತೆಂದರೆ ಬ್ಯಾಡಗಿಯ ಮಾರುಕಟ್ಟೆಗೆ ಕೆಂಪು ಕಾಯಿಯ ಚೀಲಗಳು ಲಾರಿ ತುಂಬಿ ಬರತೊಡಗುತ್ತವೆ. ಆಮೇಲೆ ಆ ಮನೆಯ ಗಂಡಸರು ಊಟದ ಹೊತ್ತಿಗೂ ಸಿಗುವುದಿಲ್ಲ. ಡಿಸೆಂಬರಿನ ಕೊನೆಯ ವಾರವೊಂದೇ ಅವರಿಗೆ ಬಿಡುವು. ಮಕ್ಕಳಿಗೆ ಹಿಮ ನೋಡುವ ಆಸೆ, ಹಾಗಾಗಿ ಆಸ್ಟ್ರಿಯಾ ಎಂದು ಗೊತ್ತಾಯಿತು. ಶಿವಣ್ಣನವರದು ಒಂದೇ ಕರಾರು.

"ಸ್ಕೀಯಿಂಗ್ ಒಂದು ಬ್ಯಾಡ್ರಿ ಅಕ್ಕಾರ. ಕಾಲಿಗೆ ಹಲಗಿ ಕಟ್ಕೊಂಡು ಜಾರಿಬಿದ್ದು ಹಾಸಿಗಿ ಹಿಡದ್ರ, ಸೀಜನ್‌ದಾಗ ಅಂಗಡಿ ಯಾರು ನೋಡೋರು?"

ಚನ್ನವ್ವನ ಕರಾರು ಬೇರೆ. "ಈ ಹುಡುಗಿ ಬಂದ್ರ ಬರ್ತೇನಿ, ಇಲ್ಲಾಂದ್ರ ಇಲ್ಲ" ಎಂದು ನನ್ನತ್ತ ಬೆರಳು ಮಾಡಿದರು. ಐವತ್ತು ದಾಟಿದ ನನ್ನನ್ನು ಹುಡುಗಿ ಎಂದು ಕರೆಯುವವರು ಈಗ ಸಿಗುವುದೇ ಅಪರೂಪ. ಖುಷಿಯಾಗಿ ಒಪ್ಪಿಕೊಂಡೆ.

ಸ್ಕೀಯಿಂಗ್ ಬೇಡವೆನ್ನುವವರಿಗೆ ಜಾಗ ಹುಡುಕುವುದು ಅಂದುಕೊಂಡಷ್ಟು ಸುಲಭವಲ್ಲ. ಗುಡ್ಡದ ಮೇಲಿನ ಹೋಟೆಲುಗಳೆಲ್ಲ ಜಾರುವವರಿಗಾಗಿಯೇ ಇರುವಂಥವು. ಹುಡುಕಿ ಹುಡುಕಿ ಕಣಿವೆಯ ಒಂದು ಹಳ್ಳಿಯಲ್ಲಿ ಸಣ್ಣ ಹೋಟೆಲು ಹಿಡಿದೆ. ಗಂಡ ಹೆಂಡತಿ ಸೇರಿ ನಡೆಸುವ ಮನೆಯಂಥ ಹೋಟೆಲು. ಅಲ್ಲಿಗೆ ಮುಟ್ಟಿದ ದಿನದಿಂದ ನನಗೆ ಚನ್ನವ್ವನ ಮೊಣಕಾಲಿನದೇ ಚಿಂತೆ. ದಾರಿಯಲ್ಲೆಲ್ಲ ನೀರು ಹೆಪ್ಪುಗಟ್ಟಿ ಗಾಜಿನಂತೆ ಜಾರುತ್ತಿತ್ತು. "ಏರು ಇದ್ದಲ್ಲಿ ಹೋಗಬ್ಯಾಡ್ರಿ, ಸಪಾಟ ಇದ್ದಲ್ಲಿ ಅಡ್ಡಾಡ್ರಿ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಮಕ್ಕಳು ಜಾರುಬಂಡಿ ಆಡಿದರು. ಚನ್ನವ್ವ ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಕೌದಿ ಹೊದ್ದು ಕಿಟಕಿಯ ಹತ್ತಿರ ಕೂತು, "ದೇವರು ಇಲ್ಲೆ ಹಿಟ್ಟ ಚೆಲ್ಯಾನ ನೋಡು" ಎನ್ನುತ್ತಿದ್ದರು.

ಮೂವತ್ತನೆಯ ತಾರೀಕು, ಸೋಮವಾರ. ಬೆಳಿಗ್ಗೆ ಸುಜಾತಾ ಮಕ್ಕಳನ್ನು ಕರೆದುಕೊಂಡು ಜಾರುಬಂಡಿಯ ದಿಬ್ಬಕ್ಕೆ ಹೋದರು. ನಾನು ಚನ್ನವ್ವನ ಮೊಣಕಾಲಿಗೆ ಮುಲಾಮು ತರಲು ಔಷಧದ ಅಂಗಡಿಗೆ ಹೋದೆ. ತಾಯಿ ಮಗ ಹೋಟೆಲಿನಲ್ಲೇ ಇದ್ದರು. ನಾನು ಮರಳಿ ಬಂದಾಗ ಅವರ ಕೋಣೆ ಖಾಲಿ. ನಾವು ಊರಿಂದ ಒಯ್ದಿದ್ದ ಅನ್ನದ ಕುಕ್ಕರು ಇನ್ನೂ ಬೆಚ್ಚಗಿತ್ತು, ಅದರಲ್ಲಿ ಅಗುಳೂ ಇರಲಿಲ್ಲ. ಬೆಳಗಿನ ತಿಂಡಿ ಮುಗಿದ ಮೇಲೆ ಅಷ್ಟು ಅನ್ನ ಯಾರಿಗೆ ಎಂದು ಅರ್ಥವಾಗಲಿಲ್ಲ. ಹೊರಗೆ ಬಂದೆ. ಹಿತ್ತಲ ಗೇಟು ತೆರೆದಿತ್ತು, ಹಿಮದ ಮೇಲೆ ಎರಡು ಜೊತೆ ಹೆಜ್ಜೆ ಮೂಡಿದ್ದವು.

ಹೆಜ್ಜೆಯ ಜಾಡು ಹಿಡಿದು ಇಳಿದೆ. ಮುಂದೆ ವಿಶಾಲವಾದ ಬಿಳಿ ಬಯಲು, ಅದರ ಅಂಚಿನಲ್ಲಿ ಒಣಗಿದ ಜೊಂಡು. ಆ ಜೊಂಡಿನ ಬುಡದಲ್ಲಿ ಹಿಮದ ಐದು ಉಂಡೆಗಳನ್ನು ಸಾಲಾಗಿ ಕೂರಿಸಿ ಯಾರೋ ಕುಂಕುಮ, ವಿಭೂತಿ ಹಚ್ಚಿದ್ದರು. ಮುಂದೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯ ತುಂಡು. ನೋಡಿದ ತಕ್ಷಣ ನನಗೆ ಎಲ್ಲ ತಿಳಿಯಿತು. ಅಂದು ಎಳ್ಳಮಾವಾಸ್ಯೆ.

ನಮ್ಮ ಕಡೆ ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಆಮೇಲೆ ಅಡುಗೆಯನ್ನೆಲ್ಲ ಕಲಸಿ, ಹೊಲದ ಸುತ್ತ ನಡೆಯುತ್ತ ಭೂಮಿತಾಯಿಗೆ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಮುಂದಿನವರು "ಹುಲ್ಲುಲ್ಲಿಗ್ಯೋ" ಎಂದು ಕೂಗಿ ಚೆಲ್ಲಿದರೆ, ಹಿಂದಿನವರು ನೀರು ಚಿಮುಕಿಸುತ್ತ "ಚಲಾಂಬ್ರಿಗ್ಯೋ" ಎಂದು ದನಿಗೂಡಿಸಬೇಕು. ಬ್ಯಾಡಗಿಯಲ್ಲಿದ್ದರೆ ಚನ್ನವ್ವ ಆ ಹೊತ್ತಿಗೆ ತಮ್ಮ ಜೋಳದ ಹೊಲದಲ್ಲಿರುತ್ತಿದ್ದರು. ಇಲ್ಲಿ ಹೋಟೆಲಿನ ಹಿಂದೆಯೇ ಸಪಾಟಾದ ಹೊಲ ಕಂಡಿತು, ಬದುವಿನಂತೆ ಜೊಂಡೂ ಇತ್ತು. ಯಾರ ಹೊಲವಾದರೇನು, ತಾಯಿ ಒಬ್ಬಳೇ ಎಂದುಕೊಂಡು ಇಳಿದುಬಿಟ್ಟಿದ್ದರು.

ಅದು ಹೊಲವಾಗಿರಲಿಲ್ಲ. ಅದು ಕೆರೆ.

ಹೋಟೆಲು ಬುಕ್ ಮಾಡುವಾಗ ಬೇಸಿಗೆಯ ಫೋಟೋದಲ್ಲಿ ಅದರ ನೀಲಿ ನೀರು ನೋಡಿದ್ದು ನನಗೆ ನೆನಪಿತ್ತು. ಚಳಿಗಾಲದಲ್ಲಿ ಇಂಥ ಕೆರೆಗಳ ಮೇಲ್ಭಾಗ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಹಿಮ ಬಿದ್ದರೆ ನೆಲ ಯಾವುದು, ನೀರು ಯಾವುದು ತಿಳಿಯುವುದಿಲ್ಲ. ಹೆಪ್ಪು ದಪ್ಪವಾಗಿದೆ ಎಂದು ಊರಿನ ಆಡಳಿತದವರು ಪರೀಕ್ಷಿಸಿ ಹೇಳುವವರೆಗೆ ಅಲ್ಲಿನವರೇ ಕಾಲಿಡುವುದಿಲ್ಲ. ಆ ವರ್ಷ ಇನ್ನೂ ಹೇಳಿರಲಿಲ್ಲ.

ದೂರದಲ್ಲಿ ಚನ್ನವ್ವ ಬುಟ್ಟಿ ಹಿಡಿದು ನಡೆಯುತ್ತಿದ್ದರು. ಹಿಂದೆ ತಂಬಿಗೆ ಹಿಡಿದು ಶಿವಣ್ಣ. ಇಬ್ಬರ ಕೂಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅಷ್ಟರಲ್ಲಿ ಹೋಟೆಲಿನ ಯಜಮಾನಿ ನನ್ನ ಹಿಂದೆಯೇ ಓಡಿಬಂದು ತಮ್ಮ ಭಾಷೆಯಲ್ಲಿ ಕಿರುಚುತ್ತ ಎರಡೂ ಕೈ ಬೀಸತೊಡಗಿದರು. ಶಿವಣ್ಣ ಅದನ್ನು ಕಂಡು ತಾವೂ ಕೈ ಬೀಸಿ, ಇನ್ನಷ್ಟು ಹುರುಪಿನಿಂದ "ಚಲಾಂಬ್ರಿಗ್ಯೋ" ಎಂದರು. ಅಳಬೇಕೋ ನಗಬೇಕೋ ತಿಳಿಯದ ಗಳಿಗೆ ಅದು. ಯಜಮಾನಿ ನನ್ನ ತೋಳು ಹಿಡಿದು, ಮುಂದೆ ಒಂದು ಹಳ್ಳ ಕೆರೆಗೆ ಸೇರುವ ಮೂಲೆಯನ್ನು ತೋರಿಸಿ, ಅಲ್ಲಿ ಹೆಪ್ಪು ತೀರಾ ತೆಳು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಚನ್ನವ್ವ ನೇರ ಆ ಮೂಲೆಗೇ ಹೊರಟಿದ್ದರು.

ಕೂಗಿದೆ. ಚನ್ನವ್ವ ತಿರುಗಲಿಲ್ಲ. ಚರಗ ಚೆಲ್ಲುವಾಗ ನಡುವೆ ಮಾತಾಡುವುದು ಅವರ ಮನೆಯ ಪದ್ಧತಿಯಲ್ಲ. ಬರ್ರಿ ಎಂದರೂ ಬರಲಿಲ್ಲ, ನಿಂದರ್ರಿ ಎಂದರೂ ನಿಲ್ಲಲಿಲ್ಲ. ಖರೆ ಹೇಳಿದರೆ ಗಾಬರಿಯಾಗಿ ಓಡಿಯಾರು, ಹೇಳದಿದ್ದರೆ ಆ ಮೂಲೆ ಮುಟ್ಟಿಯಾರು. ಕೊನೆಗೆ ಹೇಳಿಬಿಟ್ಟೆ.

"ಅಮ್ಮಾರ, ಅದು ಹೊಲ ಅಲ್ಲ, ಕೆರಿ."

ಅವರು ನಿಂತರು. ಸುತ್ತ ನೋಡಿದರು. "ಕೆರಿ ಆದ್ರ ನೀರೆಲ್ಲೈತಿ?"

"ನಿಮ್ಮ ಕಾಲ ಕೆಳಗ ಐತ್ರಿ. ಓಡಬ್ಯಾಡ್ರಿ. ಬಂದ ಹೆಜ್ಜಿ ಮ್ಯಾಲ ಸಾವಕಾಶ ಹೊಳ್ಳಿ ಬರ್ರಿ."

ಚನ್ನವ್ವ ಓಡಲಿಲ್ಲ. ಒಂದೊಂದೇ ಹೆಜ್ಜೆ ಅಳೆದಂತೆ ಇಟ್ಟು ಬರತೊಡಗಿದರು. ತಾಯಿಗೆ ದಾರಿ ಬಿಡಲೆಂದು ಶಿವಣ್ಣ ಪಕ್ಕಕ್ಕೆ ಸರಿದು ನಿಂತರು. "ನೀ ಮೊದಲ ಹೋಗವ್ವ" ಎಂದದ್ದು ನನಗೆ ಕೇಳಿಸಿತು. ಆ ಮರ್ಯಾದೆಯೇ ಅವರಿಗೆ ಮುಳುವಾಯಿತು. ಚನ್ನವ್ವ ದಡ ಮುಟ್ಟಿ ನನ್ನ ಕೈ ಹಿಡಿದರು, ಹಿಂದೆಯೇ ಕಟಕರೊಟ್ಟಿ ಮುರಿದಂಥ ಸಪ್ಪಳ. ಶಿವಣ್ಣನವರ ಬೂಟಿನ ಸುತ್ತ ಹಿಮ ಕಪ್ಪಗೆ ಒದ್ದೆಯಾಗುತ್ತಿತ್ತು. ಭಾರೀ ಆಳು ಅವರು. ಅಲ್ಲಾಡದೆ ನಿಂತುಬಿಟ್ಟರು.

ಚನ್ನವ್ವ ನನ್ನ ಕೈ ಕೊಸರಿಕೊಂಡು ಮತ್ತೆ ಇಳಿಯಲು ಹೊರಟರು. ನಾನು ಸೊಂಟಕ್ಕೆ ಕೈ ಹಾಕಿ ಹಿಡಿದೆ. "ಬಿಡ ನನ್ನ, ನನ್ನ ಮಗಾ ಅದಾನ ಅಲ್ಲಿ" ಎನ್ನುತ್ತ ಆ ಮುದುಕಿ ಎಳೆದ ಬಲ ಈಗಲೂ ನನ್ನ ತೋಳಿಗೆ ನೆನಪಿದೆ. ಯಜಮಾನಿ ಹಿಮದ ಮೇಲೆ ತಾವೇ ಅಡ್ಡ ಮಲಗಿ, ಹೀಗೆ ಮಾಡಿ ಎಂದು ತೋರಿಸಿದರು. ಆಮೇಲೆ ಎದ್ದು ಏಣಿ ತರಲು ಓಡಿದರು.

"ಶಿವಣ್ಣಾರ, ನಿಂದ್ರಬ್ಯಾಡ್ರಿ, ಮಲಗ್ರಿ" ಎಂದೆ.

"ಎಲ್ಲಿ ಮಲಗ್ಲಿ ಅಕ್ಕಾರ, ಕೆಳಗ ನೀರ ಐತಿ" ಎಂದರು. ಅವರ ದನಿ ಗುರುತು ಸಿಗದಷ್ಟು ಸಣ್ಣಗಾಗಿತ್ತು.

ನಾನು ಚನ್ನವ್ವನನ್ನು ಬಿಗಿಯಾಗಿ ಹಿಡಿದುಕೊಂಡೇ ಅವರಿಗೆ ಹೇಳಿದೆ: ನಿಂತರೆ ಭಾರವೆಲ್ಲ ಎರಡು ಪಾದದ ಮೇಲೆ ಬಿದ್ದು ಹೆಪ್ಪು ಒಡೆಯುತ್ತದೆ, ಮಲಗಿದರೆ ಭಾರ ಹರಡುತ್ತದೆ, ಮಲಗಿ ಉರುಳುತ್ತ ಬರಬೇಕು, ಏಳಬಾರದು. ಚನ್ನವ್ವ ಎಳೆಯುವುದನ್ನು ನಿಲ್ಲಿಸಿದರು. ಕೌದಿ ಸರಿಸಿ, ಹೊಲದಲ್ಲಿ ಆಳನ್ನು ಕರೆಯುವ ದನಿಯಲ್ಲಿ ಕೂಗಿದರು.

"ಶಿವೂ, ಉರುಳುಸೇವಿ ಮಾಡಪಾ. ದೇವರಗುಡ್ಡದಾಗ ಹರಕಿ ತೀರಿಸಿದ್ದಿಯಲ್ಲ, ಹಂಗ. ಮುಗಿಯೂತನಕ ಏಳಬಾರದು."

ನನ್ನ ಮಾತಿಗೆ ಅಲ್ಲಾಡದ ಮನುಷ್ಯ ಆ ಮಾತು ಕೇಳಿದ್ದೇ ತಂಬಿಗೆ ಬಿಟ್ಟು ಮೊಣಕಾಲೂರಿದರು, ಎರಡೂ ಕೈಗಳನ್ನು ತಲೆಯ ಮೇಲೆ ಚಾಚಿ ಮುಗಿದು ಮಲಗಿದರು. ಆಮೇಲೆ ಉರುಳಿದರು. ಹೆಪ್ಪು ಮತ್ತೆ ಕಟಕಟ ಎಂದಿತು, ಆದರೆ ತಾಳಿಕೊಂಡಿತು. ಅವರ ಬಾಯಿಂದ ಏಳುಕೋಟಿ ಏಳುಕೋಟಿ ಎಂಬ ದೇವರಗುಡ್ಡದ ಘೋಷ ಕೇಳಿಬರುತ್ತಿತ್ತು. ಯಜಮಾನಿ ಏಣಿಯನ್ನು ಹಿಮದ ಮೇಲೆ ಜಾರಿಸಿದರು, ಶಿವಣ್ಣ ಅದರ ಮೆಟ್ಟಿಲು ಹಿಡಿದರು, ನಾವು ಮೂವರು ಹೆಂಗಸರು ಸೇರಿ ಎಳೆದೆವು.

ಅಡುಗೆಮನೆಯ ಒಲೆಯ ಮುಂದೆ ಕೂರಿಸಿ ಒಣ ಬಟ್ಟೆ ಕೊಟ್ಟ ಮೇಲೆ ಶಿವಣ್ಣ ಮೊದಲು ಬಾಯಿಬಿಟ್ಟದ್ದು ಹಿತ್ತಲ ಗೇಟಿನ ಮೇಲಿದ್ದ ಬೋರ್ಡಿನ ಬಗ್ಗೆ. ಅದರಲ್ಲಿ ಬಾಣದ ಗುರುತಿನ ಪಕ್ಕ ಎಸ್-ಇ-ಇ, ಇಂಗ್ಲಿಷಿನ 'ಸೀ' ಎಂಬ ಅಕ್ಷರಗಳಿದ್ದವಂತೆ. ನೋಡುವ ಜಾಗ ಎಂದು ಓದಿಕೊಂಡಿದ್ದರು. ಜರ್ಮನ್ ಭಾಷೆಯಲ್ಲಿ ಅದೇ ಅಕ್ಷರಗಳಿಗೆ ಕೆರೆ ಎಂದು ಅರ್ಥ. "ಮತ್ತ ನೀವ ಸಪಾಟ ಜಾಗದಾಗ ಅಡ್ಡಾಡ್ರಿ ಅಂದಿದ್ರಿ" ಎಂದು ನನ್ನನ್ನು ನೋಡಿದರು. ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಆದರೂ ನನಗೆ ಚುರುಕ್ಕೆಂದಿತು. ಆಮೇಲೆ ತಾಯಿಯತ್ತ ತಿರುಗಿ, "ಚರಗ ಪೂರಾ ಆಗಲಿಲ್ಲಬೇ" ಎಂದರು.

ಚನ್ನವ್ವ ಸೆರಗಿನಿಂದ ಮಗನ ತಲೆ ಒರೆಸುತ್ತಿದ್ದರು. "ಭೂಮಿತಾಯಿಗಿ ಅಲ್ಲದಿದ್ರ ಗಂಗವ್ವಗ ಮುಟ್ಟೇತಿ ಬಿಡು. ಉಂಡು ಮಗನ್ನ ಹೊಳ್ಳಿ ಕೊಟ್ಟಾಳ" ಎಂದರು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಜೀವ, ಆ ಮಾತು ಮುಗಿಸಿ ಅತ್ತುಬಿಟ್ಟಿತು. ನಾನೂ ಅತ್ತೆ.

ಜಾರುವ ಜಾಗ, ಕಳ್ಳತನ, ಜ್ವರ, ತಪ್ಪಿಹೋದ ವಿಮಾನ, ಇವೆಲ್ಲವುಗಳ ಬಗ್ಗೆ ನಾನು ಚಿಂತೆ ಮಾಡಿದ್ದೆ. ಆ ದಿನ ಯಾವ ಹಬ್ಬ ಎಂದು ಮಾತ್ರ ಯೋಚಿಸಿರಲಿಲ್ಲ. ಜನ ಪರದೇಶಕ್ಕೆ ಹೋದರೂ ಊರಿನ ಪಂಚಾಂಗದಲ್ಲೇ ಬದುಕುತ್ತಾರೆ. ಅಲ್ಲಿ ಅವರು ಎಲ್ಲಿಗೆ ಹೋಗಿ ಏನು ಮಾಡಿಯಾರು ಎಂಬುದು ನನ್ನ ಟೂರ್ ಪ್ಲಾನಿನಲ್ಲಿ ಸಿಗುವುದಿಲ್ಲ, ಅವರ ಮನೆಯ ರೂಢಿಯಲ್ಲಿ ಸಿಗುತ್ತದೆ. ಈಗ ಹಾವೇರಿಯಿಂದಾಗಲಿ ಬ್ಯಾಡಗಿಯಿಂದಾಗಲಿ ಯಾವ ಕುಟುಂಬ ಬಂದರೂ ಪಾಸ್‌ಪೋರ್ಟಿಗಿಂತ ಮೊದಲು ಕೇಳುತ್ತೇನೆ: ಆ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಯಾವ ಹಬ್ಬ, ಊರಲ್ಲಿದ್ದರೆ ಅಂದು ಏನು ಮಾಡುತ್ತಿದ್ದಿರಿ? ಗಂಡಸರು ನಕ್ಕು ಮೊಬೈಲು ನೋಡುತ್ತಾರೆ. ಮನೆಯ ಹಿರಿಯ ಹೆಂಗಸು ಬಂದಿದ್ದರೆ ಉತ್ತರ ಹೇಳುತ್ತಾಳೆ, ಬಂದಿರದಿದ್ದರೆ ಅವಳಿಗೆ ಫೋನು ಹಚ್ಚಿಸುತ್ತೇನೆ. ಅವಳು ಹೇಳುವವರೆಗೆ ನಾನು ಟಿಕೆಟ್ ಬುಕ್ ಮಾಡುವುದಿಲ್ಲ.