ಓಣಿಯ ಪಟ್ಟಿ ಇಳಿಸಿದ್ದು

‘ತೆರಿಗೆ ಇಳಿಸುತ್ತೇವೆ, ಯಾವ ಸೌಲಭ್ಯವನ್ನೂ ನಿಲ್ಲಿಸುವುದಿಲ್ಲ, ಬರೀ ದುಂದುವೆಚ್ಚ ಕಡಿಯುತ್ತೇವೆ’ ಎಂದು ಯಾರಾದರೂ ಟಿವಿಯಲ್ಲಿ ಹೇಳಿದರೆ ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಹೋಳಿಗೆ ಉಣ್ಣುತ್ತಲೇ ಹೊಟ್ಟೆ ಕರಗಿಸಿಕೊಳ್ಳಿ ಎಂದು ಡಾಕ್ಟರೇ ಹೇಳಿದ ಹಾಗೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಸಮಾಜ ವಿಜ್ಞಾನ ಕಲಿಸಿದವನು ನಾನು. ರಾಜರು ಕಂದಾಯ ಮನ್ನಾ ಮಾಡಿದ ಕಥೆಗಳನ್ನು ಮಕ್ಕಳಿಗೆ ರಸವತ್ತಾಗಿ ಹೇಳಿದ್ದೇನೆ. ಆ ಖೋತಾವನ್ನು ಎಲ್ಲಿಂದ ತುಂಬಿದರು ಎಂದು ಒಬ್ಬರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ನಿವೃತ್ತನಾದ ಮೇಲೆ ಬ್ಯಾಡಗಿಯ ನಮ್ಮ ಓಣಿಯವರು ನನ್ನನ್ನು ಕಮಿಟಿಯ ಅಧ್ಯಕ್ಷನನ್ನಾಗಿ ಮಾಡಿದರು. ಕುತೂಹಲ ತೀರಿಸಿಕೊಳ್ಳಲು ಒಂದು ಪುಟ್ಟ ಸರಕಾರವೇ ಕೈಗೆ ಸಿಕ್ಕಂತಾಯಿತು.

ನಮ್ಮ ಓಣಿಯಲ್ಲಿ ಪ್ರತಿ ತಿಂಗಳು ಮನೆಗಿಷ್ಟು ಎಂದು ಎತ್ತುವ ಹಣಕ್ಕೆ ಪಟ್ಟಿ ಎನ್ನುತ್ತಾರೆ. ಗಟಾರ ಬಳಿಸುವುದು, ಮೂಲೆಯ ದೀಪ ಮತ್ತು ಫಕ್ಕೀರವ್ವನ ಪಗಾರ ಅದರಿಂದಲೇ ನಡೆಯಬೇಕು. ನಳದ ನೀರು ನಮ್ಮಲ್ಲಿ ಕೆಲವು ದಿನಕ್ಕೊಮ್ಮೆ, ಅದೂ ತನಗೆ ಮನಸ್ಸು ಬಂದ ಹೊತ್ತಿಗೆ ಬರುತ್ತದೆ. ಬಂದ ಕೂಡಲೇ ಓಣಿಯ ತುದಿಮನೆಯ ಫಕ್ಕೀರವ್ವ ಊಟದ ಸ್ಟೀಲಿನ ಗಂಗಾಳ ಬಡಿಯುತ್ತ, “ನೀರ ಬಂದಾವ್ರವ್ವಾ, ಲಗೂ ಹಿಡೀರಿ!” ಎಂದು ಕೂಗುತ್ತ ಹೋಗುತ್ತಾಳೆ. ಅಷ್ಟೇ ಅವಳ ಕೆಲಸ. ಎಲ್ಲರ ಕೈಯಲ್ಲೂ ಫೋನು ಇರುವ ಕಾಲದಲ್ಲಿ ಗಂಗಾಳಕ್ಕೆ ಪಗಾರವೇ? ದುಂದು ಸಿಕ್ಕಿಬಿಟ್ಟಿತು ಎಂದುಕೊಂಡೆ. ಓಣಿಗೊಂದು ವಾಟ್ಸಾಪ್ ಗುಂಪು ಮಾಡಿದೆವು, ಫಕ್ಕೀರವ್ವನನ್ನು ಬಿಡಿಸಿದೆವು, ಪಟ್ಟಿ ಇಳಿಸಿದೆವು. ಸಭೆಯಲ್ಲಿ ಮಂಡಕ್ಕಿ-ಮಿರ್ಚಿ ತಿನ್ನುತ್ತ ಎಲ್ಲರೂ ನನ್ನನ್ನು ಹೊಗಳಿದರು. ಮಿರ್ಚಿಯ ಖರ್ಚೂ ಪಟ್ಟಿಯದೇ ಎಂಬುದು ಆಗ ಯಾರ ನೆನಪಿಗೂ ಬರಲಿಲ್ಲ. ದುಂದಿನ ಗುಣವೇ ಹಾಗೆ, ಅದರ ವಿಳಾಸ ಯಾವಾಗಲೂ ಪಕ್ಕದ ಮನೆಯದು.

ಮೆಣಸಿನಕಾಯಿ ಸುಗ್ಗಿ ಬರುವವರೆಗೆ ಎಲ್ಲ ಸರಿಯಿತ್ತು. ಸುಗ್ಗಿಯಲ್ಲಿ ನಮ್ಮ ಓಣಿಯ ಕಟ್ಟೆಗಳ ಮೇಲೆಲ್ಲ ಚೀಲಗಳು ಬಂದು ಬೀಳುತ್ತವೆ. ಹೆಂಗಸರು ಕುಳಿತು ತೊಟ್ಟು ಬಿಡಿಸುತ್ತಾರೆ. ಒಂದು ಮಧ್ಯಾಹ್ನ ನೀರು ಬಂತು. ಗುಂಪಿನಲ್ಲಿ ಸಂದೇಶ ಹಾಕಿ ನಾನು ನಿಶ್ಚಿಂತೆಯಿಂದ ಮಲಗಿದೆ. ಎದ್ದಾಗ ಬಾಗಿಲಲ್ಲಿ ಎದುರುಮನೆಯ ನೀಲವ್ವ ನಿಂತಿದ್ದಳು. ಅವಳ ಮಗಳು ಹಸಿ ಬಾಣಂತಿ. ತಾಯಿ-ಕೂಸಿಗೆ ಹಂಡೆಗಟ್ಟಲೆ ಬಿಸಿನೀರು ಬೇಕು. ಮನೆಯ ಹಂಡೆ ಬರಿದಾಗಿತ್ತು, ನಳವೂ ನಿಂತಿತ್ತು.

“ಗುಂಪಿನಾಗ ಹಾಕಿದ್ನಲ್ಲವಾ” ಎಂದೆ.

“ಕೈ ಬೆಂಕಿಯಂಗ ಉರೀತಾವ್ರಿ ಮಾಸ್ತರ. ಇಂಥಾ ಕೈಲೇ ಫೋನ್ ಹ್ಯಾಂಗ ಮುಟ್ಟೂದು? ಅದನ್ನ ಆಮ್ಯಾಲ ಬಾಣಂತಿ ಹಿಡೀತಾಳ, ಕೂಸಿನ್ನ ಮುಟ್ಟತಾಳ. ಓಣಿ ಮಂದಿ ಎಲ್ಲಾರೂ ಫೋನ್ ಒಳಗ ಗ್ವಾಡಿ ಗೂಡಿನಾಗ ಇಟ್ಟ ಕುಂತೇವಿ” ಎಂದಳು. ಕಣ್ಣಲ್ಲಿ ನೀರಿತ್ತು, ಖಾರಕ್ಕೋ ಸಂಕಟಕ್ಕೋ ಕೇಳುವ ಧೈರ್ಯ ನನಗಿರಲಿಲ್ಲ.

ಒಳಗಿನಿಂದ ನನ್ನ ಹೆಂಡತಿ ಎರಡು ಕೊಡ ತಂದು ನನ್ನ ಮುಂದಿಟ್ಟಳು. “ನಿಮ್ಮ ಉಳಿತಾಯ ಐತೆಲ್ರಿ, ಅದನ್ನ ಹೊತ್ತ ಹಾಕ್ರಿ” ಎಂದಳು. ನಮ್ಮ ಅಂಗಳದಡಿ ದೊಡ್ಡ ತೊಟ್ಟಿಯಿದೆ, ನೀರು ಬಂದಾಗ ತಾನೇ ತುಂಬಿಕೊಳ್ಳುತ್ತದೆ. ಫಕ್ಕೀರವ್ವನ ಕೂಗು ನನಗೆ ಒಂದು ದಿನವೂ ಬೇಕಾಗಿರಲಿಲ್ಲ. ಅದಕ್ಕೇ ಅದು ದುಂದಾಗಿ ಕಂಡಿತ್ತು! ನೀಲವ್ವನ ಹಂಡೆ ತುಂಬುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು.

ಮರುದಿನವೇ ಫಕ್ಕೀರವ್ವನನ್ನು ಮತ್ತೆ ಕರೆದೆವು. ಬದಲಿಗೆ ಸಭೆಯ ಮಿರ್ಚಿ ಖರ್ಚು ಕಡಿಯೋಣವೆಂದು ಹಟ ಹಿಡಿದೆ. ಮುಂದಿನ ಸಭೆಗೆ ನಾನು ಮತ್ತು ಕಾರ್ಯದರ್ಶಿ ಇಬ್ಬರೇ ಬಂದೆವು. ಸಭೆಯಲ್ಲೇ ಕೈಗೆ ಬರುತ್ತಿದ್ದ ಪಟ್ಟಿ ಎತ್ತಲು ಮನೆಮನೆ ತಿರುಗಬೇಕಾಯಿತು. ಮಿರ್ಚಿಗೂ ಒಂದು ಕೆಲಸವಿತ್ತು ಎಂದಾಯಿತು. ದೊಡ್ಡ ಸರಕಾರದಲ್ಲಿ ದುಂದೇ ಇಲ್ಲವೆಂದು ನಾನು ಹೇಳುವುದಿಲ್ಲ, ಖಂಡಿತ ಇದ್ದೀತು. ತೆರಿಗೆ ಇಳಿಸುವಷ್ಟಿದೆಯೇ, ಅದನ್ನು ಹುಡುಕಲು ಹೋದವರ ಮನೆಯಲ್ಲಿ ತೊಟ್ಟಿಯಿದೆಯೇ ಎಂಬುದಷ್ಟೇ ಈಗ ನನ್ನ ಕುತೂಹಲ.

ಪಟ್ಟಿ ಮತ್ತೆ ಮೊದಲಿನಷ್ಟೇ ಆಗಿದೆ. ಮೊನ್ನೆ ಗಂಗಾಳದ ಸದ್ದು ಕೇಳಿ ನಾನೂ ಕಟ್ಟೆಗೆ ಬಂದು ನಿಂತೆ. ಫಕ್ಕೀರವ್ವ ಬಡಿಯುವುದನ್ನು ನಿಲ್ಲಿಸಿ, “ನಿಮ್ಮ ತೊಟ್ಟಿ ತುಂಬೇತೆಲ್ರಿ ಮಾಸ್ತರ, ಹೊರಗ ಯಾಕ ಬಂದ್ರಿ?” ಎಂದಳು.

“ಪಟ್ಟಿ ಕೊಟ್ಟೇನಲ್ಲವಾ, ನಿನ್ನ ಕೂಗ ಕೇಳಾಕ ಬಂದೇನಿ” ಎಂದೆ.