ಪಥ್ಯ ಬೇಡವೆಂದ ದಿನ

ನಮ್ಮ ಕಡೆ ಔಷಧಿ ತೆಗೆದುಕೊಂಡವರು ಎದ್ದು ಹೊರಡುವ ಮುಂಚೆ ಕೇಳುವುದು ಒಂದೇ: "ಪಥ್ಯ ಏನು ಸ್ವಾಮಿ?" ಕಾಮಾಲೆಗೆ ಬೇರು ಅರೆದು ಕೊಡುವವರಾಗಲಿ, ದೊಡ್ಡಾಸ್ಪತ್ರೆಯ ಡಾಕ್ಟರಾಗಲಿ, ಇಂಥದ್ದು ತಿನ್ನಬೇಡ ಅನ್ನದಿದ್ದರೆ ಜನಕ್ಕೆ ಆ ಮದ್ದಿನ ಮೇಲೆ ನಂಬಿಕೆ ಬರುವುದಿಲ್ಲ. ಬದನೆಕಾಯಿ ಬಿಡು ಎಂದರೆ ಸಮಾಧಾನ. ಪಥ್ಯ ಹೇಳಿದರೆಂದರೆ ಗುಣವಾಗುತ್ತದೆ ಎಂದೇ ಲೆಕ್ಕ.

ನನ್ನ ಹೆಂಡತಿಯ ಕಿಡ್ನಿ ಕೆಟ್ಟಾಗ ಡಾಕ್ಟರು ಉಪ್ಪು, ಸೊಪ್ಪು, ಬಾಳೆಹಣ್ಣು ನಿಲ್ಲಿಸಿದರು. ಕುಡಿಯುವ ನೀರಿಗೂ ಅಳತೆ ಬಂತು. ಅಡುಗೆಮನೆಯನ್ನು ನಾನು ವಹಿಸಿಕೊಂಡೆ. ಚನ್ನಪಟ್ಟಣದ ನಮ್ಮ ಮನೆಯಲ್ಲಿ ಉಪ್ಪಿನ ಜಾಡಿ ಅಟ್ಟ ಸೇರಿತು. ಅವಳೊಬ್ಬಳಿಗೇ ಸಪ್ಪೆ ಬಡಿಸುವುದು ಬೇಡವೆಂದು ನಾನೂ ಸಪ್ಪೆಯನ್ನೇ ಉಂಡೆ. ಹೊತ್ತಿಗೆ ಸರಿಯಾಗಿ ತಿಂಡಿ, ಮಾತ್ರೆ, ಊಟ. ವಾರಕ್ಕೆರಡು ಸಲ ರಾಮನಗರದಲ್ಲಿ ಡಯಾಲಿಸಿಸ್. ಯಾವುದೂ ತಪ್ಪಲಿಲ್ಲ.

ಕೂಟಗಲ್ಲಿನಿಂದ ಬರುತ್ತಿದ್ದ ಅವಳ ತಂಗಿ ನನ್ನ ಸಾರನ್ನು ಬಾಯಿಗಿಟ್ಟು ಮುಖ ಕಿವುಚುತ್ತಿದ್ದಳು. "ಏನ್ ಭಾವ, ಇದು ಸಾರೋ, ಮುಸುರೆ ನೀರೋ? ನಮ್ಮಕ್ಕ ಅದೆಂಗ್ ಉಣ್ತಾಳೋ ಕಾಣೆ!"

"ಸುಮ್ಕೆ ಉಣ್ಣೇ," ಎನ್ನುತ್ತಿದ್ದಳು ನನ್ನವಳು. "ವಾಸಿ ಆದ್ಮೇಲೆ ಬಸ್ಸಾರು ಮಾಡುಸ್ಕೊಂಡ್ ತಿಂತೀನಿ. ಒಸಿ ಉಪ್ಪು ಜಾಸ್ತಿನೇ ಹಾಕುಸ್ತೀನಿ."

ಕಳೆದ ಬೇಸಿಗೆಯಲ್ಲಿ ಅವಳ ಮೈ ಡಯಾಲಿಸಿಸ್ ತಡೆಯದಾಯಿತು. ಡಾಕ್ಟರು ಅವಳ ಮುಂದೆಯೇ ಮೆಲ್ಲಗೆ ಹೇಳಿದರು: "ಮನೆಗೆ ಕರ್ಕೊಂಡು ಹೋಗಿ. ಇನ್ನು ಪಥ್ಯ ಏನೂ ಬೇಡ. ಕೇಳಿದ್ದು ಕೊಡಿ."

ಅವಳನ್ನು ಮನೆಗೆ ಕರೆತಂದೆ. ಅವತ್ತೇ ಸೊಪ್ಪು ತಂದೆ. ಜಾಡಿ ಇಳಿಸಿ, ಧೂಳೊರೆಸಿ, ಉಪ್ಪು ಹಾಕಿ ಬಸ್ಸಾರು ಮಾಡಿದೆ. ಬಿಸಿ ಮುದ್ದೆಯ ಜೊತೆ ತಟ್ಟೆಯನ್ನು ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಇದ್ಯಾಕ್ ಮಾಡುದ್ರಿ?"

"ಆಸೆ ಪಡ್ತಿದ್ದೆಯಲ್ಲ. ಡಾಕ್ಟ್ರೇ ತಿನ್ಬೋದು ಅಂದ್ರು."

"ಅವ್ರು ಅಂತಾರೆ." ತಟ್ಟೆಯನ್ನು ನನ್ನ ಕಡೆ ಸರಿಸಿದಳು. "ನಾನ್ ಪಥ್ಯ ಬುಡಾಕಿಲ್ಲ ಕಣ್ರೀ. ನೀವ್ ಹೋಗಿ ಹೇಳಿ ಅವ್ರಿಗೆ, ಇವ್ಳಿನ್ನೂ ಪಥ್ಯ ಮಾಡ್ತಾವ್ಳೆ ಅಂತ."

ಜಾಡಿಯನ್ನು ಮತ್ತೆ ಅಟ್ಟಕ್ಕಿಟ್ಟು ಸಪ್ಪೆ ಸಾರಿಗೆ ನೀರಿಟ್ಟೆ.

ಮಾರನೆಯ ದಿನ ಬೀದಿ ಕೊನೆಗೆ ಹಾಲು ತರಲು ಹೋಗಿ ಬಂದಾಗ ಕೇಳಿದಳು. "ಹೇಳುದ್ರಾ?"

"ಹೇಳಿದೆ."

"ಏನಂದ್ರು?"

"ಬಿಡೋದು ಬೇಡ, ಮುಂದುವರಿಸಲಿ ಅಂದ್ರು."

ಅಂದು ಅವಳು ತಟ್ಟೆಯಲ್ಲಿ ಏನೂ ಉಳಿಸಲಿಲ್ಲ.